ರಥವನ್ನೇರಿದ ನಾಯಿಗಳು

ಎತ್ತಿನ ಗಾಡಿಯ ಕಾಲದಲ್ಲಿ ನಾಯಿಯ ಪ್ರಯಾಣವೆಂಬುದು ಒಂದು ಸಮಸ್ಯೆಯೇ ಆಗಿರಲಿಲ್ಲ. ಯಜಮಾನನು ಗಾಡಿಯ ಮೇಲೆ ಕುಳಿತರೆ ಅವನ ನಾಯಿ ಗಾಡಿಯ ಕೆಳಗೆ, ಎರಡು ಗಾಲಿಗಳ ನಡುವಣ ನೆರಳಿನಲ್ಲಿ, ನಾಲಗೆ ಚಾಚಿಕೊಂಡು ನಡೆಯುತ್ತಿತ್ತು. ಎತ್ತಿನ ನಡೆಗೂ ನಾಯಿಯ ನಡೆಗೂ ಹೆಚ್ಚಿನ ಅಂತರವಿಲ್ಲ. ಗಾಡಿ ನಿಂತಲ್ಲಿ ನಾಯಿಯೂ ನಿಲ್ಲುತ್ತಿತ್ತು, ಗಾಡಿ ಹೊರಟರೆ ತಾನೂ ಹೊರಡುತ್ತಿತ್ತು. ಹೀಗೆ ನಡೆದೂ ನಡೆದೂ ಕೊನೆಗೆ ಗಾಡಿಯ ಭಾರವನ್ನೆಲ್ಲ ತಾನೇ ಹೊತ್ತಿದ್ದೇನೆಂದು ಅದು ಭಾವಿಸಿತಂತೆ. ಜಂಬದ ಮನುಷ್ಯರನ್ನು ಹಂಗಿಸಲು ನಮ್ಮ ಹಿರಿಯರು ಈ ಮಾತನ್ನು ಹೇಳುತ್ತಿದ್ದರು. ನನಗಂತೂ ಆ ನಾಯಿಯನ್ನು ನೆನೆದರೆ ನಗುವಿಗಿಂತ ಮರುಕವೇ ಹೆಚ್ಚು. ನಾಲ್ಕು ಹರಿದಾರಿ ನಡೆದ ಬಡಪ್ರಾಣಿಗೆ ಅಷ್ಟು ಜಂಬವಾದರೂ ಸಲ್ಲಬೇಡವೆ?

ಮೋಟಾರು ಬಂದ ಮೇಲೆ ಈ ಒಡನಾಟ ಮುರಿದುಬಿದ್ದಿತು. ಯಜಮಾನನು ಬಸ್ಸನ್ನೇರಿದರೆ ನಾಯಿ ಊರಬಾಗಿಲಿನವರೆಗೆ ಅದರ ಹಿಂದೆ ಓಡಿ, ಆಮೇಲೆ ಧೂಳಿನ ನಡುವೆ ನಿಂತು, ಬಸ್ಸು ಮರೆಯಾದ ತಿರುವನ್ನೇ ನೋಡುತ್ತಿತ್ತು. ವಾಹನದ ವೇಗ ಹೆಚ್ಚಿದಂತೆಲ್ಲ ಅದರೊಳಗೆ ಯಾರಿಗೆ ಸ್ಥಳವುಂಟು, ಯಾರಿಗೆ ಇಲ್ಲ ಎಂಬ ಲೆಕ್ಕವೂ ಬಿಗಿಯಾಗುತ್ತದೆ. ಈ ಲೆಕ್ಕವನ್ನು ತಲೆಕೆಳಗು ಮಾಡಿದವರು ನನ್ನ ಸೋದರಮಾವ.

ಮಾವನವರಿಗೆ ಶಿಕಾರಿಪುರದಲ್ಲಿ ಒಂದು ಅಕ್ಕಿ ಗಿರಣಿಯಿತ್ತು; ಸೊರಬದಾಚೆ, ಚಂದ್ರಗುತ್ತಿಯ ಕಡೆಯ ಒಂದು ಹಳ್ಳಿಯಲ್ಲಿ ಸ್ವಲ್ಪ ಅಡಕೆ ತೋಟವಿತ್ತು. ಗಿರಣಿಯಲ್ಲಿ ಕಳ್ಳರ ಭಯ, ತೋಟದಲ್ಲಿ ಮಂಗಗಳ ಮತ್ತು ಕಾಡುಹಂದಿಗಳ ಕಾಟ. ಇವೆರಡಕ್ಕೂ ಅವರಲ್ಲಿದ್ದುದು ಒಂದೇ ಜೋಡಿ ನಾಯಿ. ಕೆಂಬಣ್ಣದ ಗಂಡಿಗೆ ಕೆಂಚನೆಂದೂ, ಬೆನ್ನಿನ ಮೇಲೆ ಕಪ್ಪು ಮಚ್ಚೆಗಳಿದ್ದ ಹೆಣ್ಣಿಗೆ ಚುಕ್ಕಿಯೆಂದೂ ಹೆಸರು. ಎರಡೂ ನಮ್ಮ ನಾಡತಳಿಯವು. ವಾರಕ್ಕೆರಡು ಸಲ ಮಾವನವರು ಅತ್ತಿಂದಿತ್ತ ಓಡಾಡುವಾಗ ಅವೂ ಓಡಾಡಲೇಬೇಕಾಗಿತ್ತು. ‘ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ’ ಎಂಬ ಗಾದೆಯನ್ನು ಕಟ್ಟಿದವರು ಈ ಎರಡು ನಾಯಿಗಳನ್ನು ಕಂಡಿರಲಾರರು.

ಇನ್ನು ವಾಹನದ ಮಾತು. 1982ರಲ್ಲಿ ಬೆಂಗಳೂರಿನ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಎರಡೇ ಬಾಗಿಲು, 848 ಸಿ.ಸಿ. ಎಂಜಿನ್ನು. ಮೈಯೆಲ್ಲ ಉಕ್ಕಿನ ತಗಡಿನದಲ್ಲ, ಫೈಬರ್ ಗ್ಲಾಸಿನದು, ಆದುದರಿಂದ ಹಗುರ. ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳು ಗಜಗಮನದಿಂದ ಸಾಗುತ್ತಿದ್ದ ಆ ದಿನಗಳಲ್ಲಿ ಈ ಹಗುರ ಕಾರು ಮೋಟಾರು ಓಟದ ಸ್ಪರ್ಧೆಗಳಲ್ಲಿಯೂ ರ‍್ಯಾಲಿಗಳಲ್ಲಿಯೂ ಹೆಸರು ಮಾಡಿತು. ಪಾಶ್ಚಾತ್ಯರು ಕ್ರೀಡೆಗೆಂದೇ ಮಾಡಿಕೊಂಡ ಸ್ಪೋರ್ಟ್ಸ್ ಕಾರುಗಳನ್ನು ನಾವಾರೂ ಕಂಡವರಲ್ಲ. ನಮ್ಮ ಪಾಲಿಗೆ ಮಾವನವರು ಕೊಂಡುತಂದ ಕೆಂಪು ಡಾಲ್ಫಿನ್ನೇ ಸ್ಪೋರ್ಟ್ಸ್ ಕಾರು. ಇನ್ನೊಂದು ಸ್ವಾರಸ್ಯವೂ ಇದೆ. ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ ರಿಲಯಂಟ್ ಕಿಟನ್ ಎಂಬ ಕಾರು ಡಾಲ್ಫಿನ್ನಿಗೆ ಮೂಲ. ಕಿಟನ್ ಎಂದರೆ ಬೆಕ್ಕಿನ ಮರಿ. ಬೆಕ್ಕಿನ ವಂಶದ ಬಂಡಿಯಲ್ಲಿ ನಾಯಿಗಳು ಸವಾರಿ ಮಾಡುವುದೆಂದರೆ ಮಾವನವರಿಗೆ ಎಲ್ಲಿಲ್ಲದ ಸಂತೋಷ.

ಕಾರಿನ ಹಿಂದಣ ಆಸನವನ್ನು ಬಿಚ್ಚಿಸಿ, ಅಲ್ಲಿ ಒಂದು ಹಲಗೆಯನ್ನು ಕೂಡಿಸಿ, ಅದರ ಮೇಲೆ ಕರಿಕಂಬಳಿಯನ್ನು ಹಾಸಿದ್ದರು. ಅದು ನಾಯಿಗಳ ಅಧಿಕೃತ ಪೀಠ. ಮೊದಮೊದಲು ಚುಕ್ಕಿಗೆ ಪ್ರಯಾಣ ಒಗ್ಗಲಿಲ್ಲ. ಶಿರಾಳಕೊಪ್ಪ ಬರುವುದರೊಳಗೆ ಜೊಲ್ಲು ಸುರಿಸಿ ವಾಂತಿ ಮಾಡಿಕೊಳ್ಳುತ್ತಿತ್ತು. ಮಾವನವರು ಬೈಯಲಿಲ್ಲ, ಹೊಡೆಯಲಿಲ್ಲ. ಮೊದಲು ನಿಂತ ಕಾರಿನಲ್ಲಿ ಅದನ್ನು ಸುಮ್ಮನೆ ಕೂರಿಸಿದರು. ಆಮೇಲೆ ಗಿರಣಿಯ ಸುತ್ತ ಒಂದು ಸುತ್ತು. ಆಮೇಲೆ ಹುಚ್ಚರಾಯಸ್ವಾಮಿಯ ಗುಡಿಯವರೆಗೆ. ಹೊರಡುವ ಮುನ್ನ ಮೂರು ನಾಲ್ಕು ಗಂಟೆ ಊಟವಿಲ್ಲ, ನೀರು ಮಾತ್ರ. ತಿಂಗಳೊಪ್ಪತ್ತಿನಲ್ಲಿ ಚುಕ್ಕಿ ಪಳಗಿದ ಪ್ರಯಾಣಿಕಳಾಯಿತು.

ಮಾವನವರ ನಿಯಮಗಳು ಇನ್ನೂ ಹಲವಾರಿದ್ದವು. ನಾಯಿಯ ಕೊರಳಿಗೆ ಹಗ್ಗ ಬಿಗಿದು ಕಾರಿನಲ್ಲಿ ಕಟ್ಟಬಾರದು. ಗಕ್ಕನೆ ನಿಂತರೆ ಅದು ಉರುಳಾಗುತ್ತದೆ. ಎದೆಯನ್ನು ಬಳಸಿ ಬರುವ ಅಗಲವಾದ ಪಟ್ಟಿಯೇ ಸರಿ. ಕಿಟಕಿಯ ಗಾಜನ್ನು ನಾಲ್ಕು ಬೆರಳು ಇಳಿಸಬಹುದು. ಮೂಗಿಗೆ ಗಾಳಿ ಸಿಕ್ಕರೆ ಸಾಕು, ತಲೆ ಹೊರಗೆ ಬರಬಾರದು. ಧೂಳು, ಕಲ್ಲಿನ ಚೂರು, ಹುಳು ಕಣ್ಣಿಗೆ ಬಡಿದರೆ ಕಣ್ಣು ಹೋದೀತು. ಎಲ್ಲಕ್ಕಿಂತ ಕಟ್ಟುನಿಟ್ಟಾದ ನಿಯಮವೆಂದರೆ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ನಾಯಿಯನ್ನು ಕೂಡಿಹಾಕಬಾರದು ಎಂಬುದು. ನಮಗೆ ಮೈಯೆಲ್ಲ ಬೆವರಿ ಶಾಖ ಇಳಿಯುತ್ತದೆ. ನಾಯಿಗೆ ಬೆವರುವುದು ಅಂಗಾಲಿನಲ್ಲಿ ಮಾತ್ರ. ಅದು ನಾಲಗೆ ಚಾಚಿ ತೇಕುವುದರಿಂದಲೇ ಮೈಯನ್ನು ತಂಪು ಮಾಡಿಕೊಳ್ಳಬೇಕು. ಸುತ್ತಲಿನ ಗಾಳಿಯೇ ಕಾದುಹೋದರೆ ತೇಕಿಯೂ ಫಲವಿಲ್ಲ. ಒಮ್ಮೆ ಶಿರಾಳಕೊಪ್ಪದ ಸಂತೆಯ ದಿನ, ಪರಿಚಯದ ವ್ಯಾಪಾರಿಯೊಬ್ಬರು, “ನಾಯಿ ಒಳಗೇ ಇರಲಿ ಬಿಡಿ, ಐದೇ ನಿಮಿಷದ ಕೆಲಸ” ಎಂದರು. ಮಾವನವರು ಬಾಗಿಲು ತೆರೆದು, “ಹಾಗಾದರೆ ತಾವು ಕಂಬಳಿ ಹೊದ್ದು ಒಳಗೆ ಕುಳಿತಿರಿ, ನಾನು ಐದೇ ನಿಮಿಷದಲ್ಲಿ ಬಂದೆ” ಎಂದರು. ವ್ಯಾಪಾರಿಗಳು ನಕ್ಕು, ನಾಯಿಗಳಿಗೆ ತಮ್ಮ ಅಂಗಡಿಯ ಜಗಲಿಯ ಮೇಲೆ ಸ್ಥಳ ಮಾಡಿಕೊಟ್ಟರು.

ನಾನಾಗ ಒಂಬತ್ತನೆಯ ತರಗತಿಯಲ್ಲಿದ್ದೆ. ರಜೆ ಬಂದಿತೆಂದರೆ ಮಾವನ ಮನೆ. ಮಾವನ ಮನೆಯೆಂದರೆ ಕಾರಿನ ಮುಂದಣ ಆಸನ. ದಾರಿಯ ನೋಟ ನನಗೆ, ದಾರಿಯ ವಾಸನೆ ಕೆಂಚನಿಗೆ. ನಾಯಿಯ ಮೂಗು ನಮ್ಮ ಮೂಗಿಗಿಂತ ಎಷ್ಟೋ ಮಡಿ ಸೂಕ್ಷ್ಮವಾದುದೆಂದು ಪುಸ್ತಕದಲ್ಲಿ ಓದಿದ್ದೆ. ಅದನ್ನು ಪ್ರತ್ಯಕ್ಷವಾಗಿ ಕಂಡದ್ದು ಆ ನಾಲ್ಕು ಬೆರಳಗಲದ ಕಿಟಕಿಯ ಸಂದಿನಲ್ಲಿ. ಶಿಕಾರಿಪುರ ಬಿಟ್ಟು ಗದ್ದೆಬಯಲಿಗೆ ಬಂದೊಡನೆ ಅದರ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಆಲೆಮನೆಯ ಬೆಲ್ಲದ ಪಾಕ, ಅಡಕೆ ಬೇಯಿಸುವ ಹಂಡೆಯ ಚೊಗರು, ಕೆರೆಯ ಕೆಸರು, ಯಾವುದೋ ಹಿತ್ತಲಿನ ಬೂದಿಗುಂಡಿ, ಇವನ್ನೆಲ್ಲ ಅದು ಒಂದೊಂದಾಗಿ ಓದಿಕೊಳ್ಳುತ್ತಿತ್ತು. ಸೊರಬದ ದಂಡಾವತಿ ಹೊಳೆ ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಎರಡೂ ಎದ್ದು ನಿಂತು ಬಾಲ ಆಡಿಸುತ್ತಿದ್ದವು. ಸೊರಬ ಸೀಮೆಯ ಗುಡವಿ ಕೆರೆಗೆ ಮಾತ್ರ ಅವುಗಳಿಗೆ ಪ್ರವೇಶವಿರಲಿಲ್ಲ. ಇಂದು ಪಕ್ಷಿಧಾಮವೆಂದು ಹೆಸರಾದ ಆ ಕೆರೆಯ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. “ಬಾಣಂತಿಯ ಮನೆಗೆ ನಾಯಿಯನ್ನು ಕರೆದುಕೊಂಡು ಹೋಗುತ್ತಾರೆಯೆ?” ಎಂದು ಹೇಳಿ ಮಾವನವರು ಅವನ್ನು ಸೊರಬದ ಸ್ನೇಹಿತರ ಮನೆಯಲ್ಲಿಯೇ ಬಿಟ್ಟು ಬರುತ್ತಿದ್ದರು.

ಈ ದಾರಿಯೇ ನಾಯಿಗಳಿಗೆ ಸಲ್ಲುವ ದಾರಿ. ಮಲಿಯನಹಳ್ಳಿ ಎಂಬ ಹಳ್ಳಿ ಕೆಳದಿಯ ಅರಸರ ಕಾಲದಲ್ಲಿ ಮಹಾದಾನಪುರವಾಯಿತೆಂದೂ, ಮುಂದೆ ಹೈದರಾಲಿಯ ಅಥವಾ ಟಿಪ್ಪುವಿನ ಕಾಲದಲ್ಲಿ ಇಲ್ಲಿ ಬೇಟೆಯ ಮೃಗಗಳು ಹೇರಳವಾಗಿ ದೊರೆತುದರಿಂದ ಶಿಕಾರಿಪುರವಾಯಿತೆಂದೂ ಹೇಳುತ್ತಾರೆ. ಶಿಕಾರಿಯಿದ್ದಲ್ಲಿ ನಾಯಿ ಇಲ್ಲದಿದ್ದೀತೆ? ಶಿರಾಳಕೊಪ್ಪದ ನೆರೆಯಲ್ಲಿಯೇ ಕದಂಬರ ಶಾಸನದ ತಾಳಗುಂದವಿದೆ, ಕೇದಾರೇಶ್ವರನ ಬಳ್ಳಿಗಾವಿಯಿದೆ. ಎರಡು ತಾಲ್ಲೂಕುಗಳ ಕೆರೆಯ ಏರಿಗಳ ಮೇಲೂ ಗುಡಿಗಳ ಅಂಗಳದಲ್ಲಿಯೂ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ಊರಿಗಾಗಿ, ದನಗಳಿಗಾಗಿ, ಮಾನಕ್ಕಾಗಿ ಮಡಿದವರ ಕಲ್ಲುಗಳು ಅವು.

ನಾಯಿಗೂ ಒಂದು ವೀರಗಲ್ಲು ನಮ್ಮ ನಾಡಿನಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವದು. ಕಾಲ ಹತ್ತನೆಯ ಶತಮಾನದ ನಡುಭಾಗ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನಿಗೆ, ಬೇಕಾದುದನ್ನು ಬೇಡೆಂದು ಒಡೆಯನು ಹೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೊಂದು ದಿನ ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರನು ಕಾಳಿಗಾಗಿ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟನು. ಕಲ್ಲನ್ನು ಪೂಜಿಸದೆ ಉಂಡರೆ ಪೂಜಾರಿಗೆ ಪಾಪವೆಂದೂ ಅಲ್ಲಿ ಬರೆಸಿದೆ. ಅದೇ ಯುದ್ಧದ ಬಹುಮಾನವಾಗಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಗಂಗರ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರವೆಂಬ ಪ್ರಾಂತವನ್ನು ಕೊಟ್ಟನೆಂದು ಆ ಶಾಸನ ಹೇಳುತ್ತದೆ. ನಮ್ಮ ಶಿಕಾರಿಪುರ, ಸೊರಬಗಳು ಸೇರಿದ್ದ ಪ್ರಾಂತವೇ ಅದು. ಒಬ್ಬನಿಗೆ ಹನ್ನೆರಡು ಸಾವಿರದ ನಾಡು, ಇನ್ನೊಬ್ಬನಿಗೆ ಒಂದು ನಾಯಿ! ಪಡೆದ ಇಬ್ಬರೂ ತೃಪ್ತರಾಗಿದ್ದರೆಂದೇ ನನ್ನ ನಂಬಿಕೆ.

ಆದರೂ ಕಾರಿನಲ್ಲಿ ಕುಳಿತ ನಾಯಿಗಳನ್ನು ಕಂಡು ನಗುವವರಿಗೆ ಕೊರತೆಯಿರಲಿಲ್ಲ. “ಮನುಷ್ಯರು ಬಸ್ಸಿನ ಬಾಗಿಲಲ್ಲಿ ಜೋತಾಡುತ್ತಾರೆ, ನಾಯಿಗಳಿಗೆ ಓಟದ ಕಾರು” ಎಂದು ಕೆಲವರು ಎದುರಿಗೇ ಆಡಿದ್ದುಂಟು. ಆ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಮಾವನವರು ಅದನ್ನು ತಳ್ಳಿಹಾಕಲಿಲ್ಲ. ದಾರಿಯಲ್ಲಿ ಕೈಯೆತ್ತಿದ ಮುದುಕರನ್ನೂ ಶಾಲೆಯ ಮಕ್ಕಳನ್ನೂ ಹತ್ತಿಸಿಕೊಳ್ಳುತ್ತಿದ್ದರು. ಆದರೆ ಮನುಷ್ಯನಿಗೂ ನಾಯಿಗೂ ಒಂದೇ ವೇಳೆ ಕಷ್ಟ ಬಂದಾಗ ಯಾರನ್ನು ಬಿಡುವುದು ಎಂಬ ಪ್ರಶ್ನೆ 1985ರ ಬೇಸಗೆಯಲ್ಲಿ ಒಂದು ಸಂಜೆ ಅವರೆದುರು ನಿಂತೇಬಿಟ್ಟಿತು.

ನಾವು ತೋಟದ ಮನೆಯಲ್ಲಿದ್ದೆವು. ಹೊತ್ತು ಮುಳುಗಿತ್ತು. ಹೆಂಗಸೊಬ್ಬಳು ಏಳೆಂಟು ವರ್ಷದ ಹುಡುಗನನ್ನು ಎತ್ತಿಕೊಂಡು ಓಡಿಬಂದಳು. ಹುಡುಗನ ಮೀನಖಂಡದಿಂದ ನೆತ್ತರು ಇಳಿಯುತ್ತಿತ್ತು. ಎಲ್ಲಿಂದಲೋ ಬಂದ ನಾಯಿಯೊಂದು, ಯಾರೂ ಕೆಣಕದಿದ್ದರೂ, ಅವನನ್ನು ಕಚ್ಚಿ, ಜೊಲ್ಲು ಸುರಿಸುತ್ತ ಓಲಾಡಿಕೊಂಡು ಗದ್ದೆಯ ಕಡೆಗೆ ಹೋಗಿತ್ತು. ಅಂದಿನ ಕಡೆಯ ಬಸ್ಸೂ ಹೊರಟುಹೋಗಿತ್ತು. ಗಾಯಕ್ಕೆ ಯಾರೋ ಸುಣ್ಣವನ್ನು ಮೆತ್ತಿದ್ದರು. ಮಾವನವರು ಹುಡುಗನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ, ಸುಣ್ಣವನ್ನು ತೊಳೆದು, ಸಾಬೂನು ಹಚ್ಚಿ, ನೀರು ಹೊಯ್ಯುತ್ತಲೇ ಹೋದರು. ಕಾಲು ಗಂಟೆಯಾದರೂ ಬಿಡಲಿಲ್ಲ. ನಾನು ಕೊಡಗಟ್ಟಲೆ ನೀರು ಸೇದಿ ಕೊಟ್ಟೆ.

ಆ ತಾಯಿಯ ತವರು ಶಿಕಾರಿಪುರ. ಅಲ್ಲಿಗೆ ಹೋದರೆ ತವರಿನಲ್ಲಿದ್ದುಕೊಂಡು ದಿನವೂ ಆಸ್ಪತ್ರೆಗೆ ಹೋಗಿಬರಬಹುದು. ಮಾವನವರು ಕಾರನ್ನು ತೆಗೆದರು. ಅಷ್ಟರಲ್ಲಿ ಊರಿನ ಗಂಡಸರು ದೊಣ್ಣೆ, ಕತ್ತಿ, ಪಂಜುಗಳನ್ನು ಹಿಡಿದು ಹೊರಬಿದ್ದಿದ್ದರು. ಕಣ್ಣಿಗೆ ಬಿದ್ದ ನಾಯಿಗಳನ್ನೆಲ್ಲ ಕೊಲ್ಲುವುದೆಂದು ತೀರ್ಮಾನವಾಗಿತ್ತು. ಅವರಲ್ಲಿ ಹಿರಿಯನೊಬ್ಬನು, “ನಾಯಿಗಳನ್ನು ಇಲ್ಲೇ ಇಳಿಸಿ ಹೋಗಿ ಸ್ವಾಮಿ. ನಾಯಿ ಕಡಿದ ಮಗುವನ್ನು ನಾಯಿಯ ಜೊತೆ ಕೂರಿಸುತ್ತೀರಾ?” ಎಂದನು. ಮಾತು ನ್ಯಾಯವಾದುದೇ. ಹುಡುಗನಂತೂ ಕೆಂಚನನ್ನು ಕಂಡೊಡನೆ ತಾಯಿಯ ಕೊರಳನ್ನು ಅಪ್ಪಿ ಕಿರುಚತೊಡಗಿದ್ದನು. ಆದರೆ ಅಂದು ಅಲ್ಲಿ ಇಳಿಸುವುದೆಂದರೆ ದೊಣ್ಣೆಗೋ ಹುಚ್ಚುನಾಯಿಯ ಹಲ್ಲಿಗೋ ಅವನ್ನು ಒಪ್ಪಿಸಿದಂತೆ.

ಮಾವನವರು ಅರೆಗಳಿಗೆ ಸುಮ್ಮನೆ ನಿಂತರು. ಆಮೇಲೆ ತಾಯಿಯ ಕಡೆ ತಿರುಗಿ, “ತಂಗೀ, ಈ ಎರಡಕ್ಕೂ ಪಶು ಆಸ್ಪತ್ರೆಯಲ್ಲಿ ಹುಚ್ಚಿನ ಮದ್ದು ಹಾಕಿಸಿದ್ದೇನೆ. ಇವನ್ನು ಬಿಟ್ಟು ಹೋದರೆ ಬೆಳಗಾಗುವುದರೊಳಗೆ ಇರುವುದಿಲ್ಲ. ನಿನ್ನ ಮಗನನ್ನಂತೂ ನಾನು ಬಿಟ್ಟು ಹೋಗುವುದಿಲ್ಲ. ನೀನು ಒಪ್ಪಿದರೆ ಎಲ್ಲರೂ ಹೋಗೋಣ. ಒಪ್ಪದಿದ್ದರೆ ಇವು ಇಳಿಯುತ್ತವೆ” ಎಂದರು. ಆಕೆ ನಾಯಿಗಳನ್ನು ನೋಡಿದಳು, ದೊಣ್ಣೆಗಳನ್ನು ನೋಡಿದಳು. “ಅವೂ ಜೀವವೇ ಅಲ್ಲವಾ ಅಣ್ಣಾ, ಹತ್ತಿಸಿ” ಎಂದಳು.

ತಾಯಿ ಮಗ ಮುಂದೆ ಕುಳಿತರು. ನಾನು ಹಿಂದೆ ಕರಿಕಂಬಳಿಯ ಮೇಲೆ, ಎರಡು ನಾಯಿಗಳನ್ನೂ ಎರಡು ತೋಳುಗಳಲ್ಲಿ ಹಿಡಿದುಕೊಂಡು ಕುಳಿತೆ. ಓಟಕ್ಕೆ ಹೆಸರಾದ ಕಾರು ಅಂದು ಓಡಲಿಲ್ಲ. ಬೇಸಗೆಯ ರಾತ್ರಿ ಡಾಂಬರಿನ ಬಿಸುಪಿಗೆ ಹಳ್ಳಿಯ ನಾಯಿಗಳು ರಸ್ತೆಯ ಮೇಲೆ ಮಲಗಿರುತ್ತವೆ. ಮಾವನವರು ಒಂದೊಂದರ ಮುಂದೆಯೂ ಕಾರನ್ನು ನಿಲ್ಲಿಸಿ, ಮೆಲ್ಲನೆ ಹಾರನ್ ಮಾಡಿ, ಅದು ಎದ್ದು ಮೈಮುರಿದು ಪಕ್ಕಕ್ಕೆ ಸರಿಯುವವರೆಗೆ ಕಾದು ಮುಂದೆ ಹೋಗುತ್ತಿದ್ದರು. ನಾಲ್ಕೈದು ಸಲ ಹೀಗಾದ ಮೇಲೆ ಹುಡುಗನು ಮೊದಲ ಬಾರಿಗೆ ಬಾಯಿಬಿಟ್ಟನು. “ಅದೂ ಕಚ್ಚುತ್ತದಾ?”

“ಇಲ್ಲ ಮಗು. ನಿನ್ನನ್ನು ಕಚ್ಚಿದ್ದಕ್ಕೆ ಕಾಯಿಲೆ ಬಂದಿತ್ತು. ಇದಕ್ಕೆ ನಿದ್ದೆ ಬಂದಿದೆ, ಅಷ್ಟೆ.”

ಹುಡುಗನು ಮತ್ತೇನನ್ನೂ ಕೇಳಲಿಲ್ಲ. ಶಿಕಾರಿಪುರದ ದೀಪಗಳು ಕಾಣುವ ಹೊತ್ತಿಗೆ ತಾಯಿಯ ಮಡಿಲಲ್ಲಿ ನಿದ್ದೆಹೋಗಿದ್ದನು.

ಆಗಿನ ಕಾಲದ ಚಿಕಿತ್ಸೆ ಸುಲಭದ್ದಾಗಿರಲಿಲ್ಲ. ಕುರಿಯ ಮೆದುಳಿನಿಂದ ತಯಾರಿಸಿದ ಲಸಿಕೆಯನ್ನು ಹೊಟ್ಟೆಯ ಚರ್ಮದ ಅಡಿಗೆ ದಿನಕ್ಕೊಂದರಂತೆ ಹಾಕುತ್ತಿದ್ದರು. ಆ ಹುಡುಗನು ಹದಿನಾಲ್ಕು ದಿನ ಅದನ್ನು ಸಹಿಸಿದನು. ರೇಬೀಸ್ ಎಂಬ ಈ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ರೋಗಿ ಬದುಕುವುದು ಇಂದಿಗೂ ಇಲ್ಲವೆನ್ನುವಷ್ಟು ವಿರಳ. ಆದರೆ ಕಡಿತವಾದೊಡನೆ ಲಸಿಕೆ ಕೊಟ್ಟರೆ ರೋಗವನ್ನು ತಡೆಯಬಹುದು. 1885ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಪಾಶ್ಚರನು ಮೊದಲು ಈ ಲಸಿಕೆಯನ್ನು ಕೊಟ್ಟು ಉಳಿಸಿದ್ದೂ ನಾಯಿ ಕಡಿದಿದ್ದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನನ್ನೇ. ದಕ್ಷಿಣ ಭಾರತದವರಿಗಾಗಿ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಆ ಹಳೆಯ ಲಸಿಕೆಯ ತಯಾರಿಕೆಯನ್ನು 2004ರ ಕೊನೆಯಲ್ಲಿ ನಮ್ಮ ದೇಶದಲ್ಲಿ ನಿಲ್ಲಿಸಲಾಯಿತು. ಈಗ ತೋಳಿಗೆ ಕೊಡುವ ಕೆಲವೇ ಚುಚ್ಚುಮದ್ದುಗಳು ಸಾಕು. ಗಾಯ ಆಳವಾಗಿದ್ದರೆ ಅದರ ಸುತ್ತ ಇನ್ನೊಂದು ಔಷಧವನ್ನೂ ಕೊಡುತ್ತಾರೆ. ಬದಲಾಗದೆ ಉಳಿದಿರುವುದು ಮೊದಲ ಉಪಚಾರ: ಹರಿಯುವ ನೀರು, ಸಾಬೂನು, ಹದಿನೈದು ನಿಮಿಷದ ತೊಳೆತ, ಆಮೇಲೆ ತಡಮಾಡದೆ ಆಸ್ಪತ್ರೆ. ನಾಯಿಯಿಂದ ಮನುಷ್ಯನಿಗೆ ರೇಬೀಸ್ ತಗಲಿ ಸಾವುಂಟಾಗುವುದನ್ನು 2030ರ ವೇಳೆಗೆ ನಿಲ್ಲಿಸಬೇಕೆಂಬುದು ಭಾರತದ ಗುರಿ. ಅದಕ್ಕೆ ದೊಣ್ಣೆಯಿಂದ ಪ್ರಯೋಜನವಿಲ್ಲ. ನಾಯಿಗಳಿಗೆ ಲಸಿಕೆ ಹಾಕಿಸಬೇಕು.

ಹದಿನೈದನೆಯ ದಿನ ತಾಯಿ ಮಗನನ್ನು ಊರಿಗೆ ಕರೆದೊಯ್ದದ್ದೂ ಅದೇ ಕಾರು. ನಾಯಿಗಳು ತಮ್ಮ ಪೀಠದಲ್ಲಿದ್ದವು. ಬಳ್ಳಿಗಾವಿಯ ದಾರಿ ಕವಲೊಡೆಯುವಲ್ಲಿ ಹುಡುಗನು ತನ್ನ ಕೈಯಲ್ಲಿದ್ದ ಅಕ್ಕಿರೊಟ್ಟಿಯನ್ನು ಮುರಿದು, ಹಿಂದಿರುಗಿ ನೋಡದೆಯೇ ಒಂದು ತುಂಡನ್ನು ಆಸನದ ಬೆನ್ನಿನ ಮೇಲಿಟ್ಟು, ಥಟ್ಟನೆ ಕೈ ಹಿಂತೆಗೆದನು. ಚುಕ್ಕಿ ಒಮ್ಮೆ ಮಾವನವರ ಮುಖವನ್ನು ನೋಡಿ, ಆಮೇಲೆ ಅದನ್ನು ಮೆಲ್ಲನೆ ತೆಗೆದುಕೊಂಡಿತು. ಪ್ರಯಾಣದ ವೇಳೆ ನಾಯಿಗೆ ತಿನಿಸು ಕೂಡದೆಂಬ ನಿಯಮವನ್ನು ಮಾವನವರು ಸಡಿಲಿಸಿದ್ದನ್ನು ನಾನು ಕಂಡದ್ದು ಅಂದು ಮಾತ್ರ.

ಮಾವನವರು ಈಗಿಲ್ಲ. 1983ರ ಕೊನೆಯಲ್ಲಿ ಮಾರುತಿ 800 ಬಂದ ಬಳಿಕ ಡಾಲ್ಫಿನ್ ಕಾರಿಗೂ ಹೆಚ್ಚಿನ ಆಯುಷ್ಯವಿರಲಿಲ್ಲ. ಅದಕ್ಕಿಂತ ಎಷ್ಟೋ ವೇಗದ ಕಾರುಗಳು ಇಂದು ಅದೇ ರಸ್ತೆಯಲ್ಲಿ ಓಡುತ್ತಿವೆ. ಬೇಸಗೆಯ ರಾತ್ರಿ ನಾಯಿಗಳು ಇಂದಿಗೂ ಡಾಂಬರಿನ ಮೇಲೆಯೇ ಮಲಗುತ್ತವೆ. ಬೆಳಗಾದಾಗ ಅವುಗಳಲ್ಲಿ ಕೆಲವು ಏಳುವುದಿಲ್ಲ. ಬೇಡವಾದ ಮರಿಗಳನ್ನು ಕಾರಿನಲ್ಲಿ ತಂದು ದೂರದ ತಿರುವಿನಲ್ಲಿ ಬಿಟ್ಟುಹೋಗುವವರೂ ಇದ್ದಾರೆ. ಸಾಕಿದ ಪ್ರಾಣಿಯನ್ನು ಹೀಗೆ ತೊರೆಯುವುದೂ, ನೋವಾಗುವಂತೆ ಸಾಗಿಸುವುದೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ನಾಯಿಯೊಂದು ಏರಿದ ಅತ್ಯಂತ ವೇಗದ ವಾಹನ ಯಾವುದೆಂದು ಕೇಳಿದರೆ, 1957ರ ನವೆಂಬರ್ 3ರಂದು ಸೋವಿಯೆತ್ ದೇಶ ಹಾರಿಸಿದ ಸ್ಪುಟ್ನಿಕ್-2ನ್ನು ನೆನೆಯಬೇಕು. ಗಂಟೆಗೆ ಸುಮಾರು 28,000 ಕಿಲೋಮೀಟರು ವೇಗದಲ್ಲಿ ಭೂಮಿಯನ್ನು ಸುತ್ತಿದ ಆ ನೌಕೆಯಲ್ಲಿ ಲೈಕಾ ಎಂಬ ಬೀದಿನಾಯಿಯೊಂದೇ ಇದ್ದಿತು. ಅದನ್ನು ಮರಳಿ ತರುವ ಏರ್ಪಾಡು ಮೊದಲೇ ಇರಲಿಲ್ಲ. ಹಾರಿದ ಕೆಲವೇ ಗಂಟೆಗಳಲ್ಲಿ, ನೌಕೆಯೊಳಗಿನ ತಾಪ ಏರಿ ಅದು ಸತ್ತಿತೆಂಬ ಸಂಗತಿ ಲೋಕಕ್ಕೆ ತಿಳಿದದ್ದು 2002ರಲ್ಲಿ. ವಿಜ್ಞಾನಕ್ಕೆ ಅದರಿಂದ ತಿಳಿವಳಿಕೆ ದೊರೆಯಿತೆಂಬುದು ನಿಜ. ಅಷ್ಟೇ ನಿಜವಾದುದು ಆ ಬಿಸಿಯಾದ ಪೆಟ್ಟಿಗೆಯಲ್ಲಿ ಅದು ಒಂಟಿಯಾಗಿತ್ತೆಂಬುದು.

ನಮ್ಮ ಮಹಾಭಾರತದಲ್ಲಿಯೂ ಒಂದು ವೇಗದ ರಥ ಬರುತ್ತದೆ. ತಮ್ಮಂದಿರನ್ನೂ ದ್ರೌಪದಿಯನ್ನೂ ಹಾದಿಯಲ್ಲಿ ಕಳೆದುಕೊಂಡು ಹಿಮಾಲಯವನ್ನೇರುತ್ತಿದ್ದ ಧರ್ಮರಾಯನನ್ನು ಸ್ವರ್ಗಕ್ಕೆ ಕರೆದೊಯ್ಯಲು ಇಂದ್ರನೇ ರಥವನ್ನು ತಂದನು. ನಾಯಿಗೆ ಸ್ವರ್ಗದಲ್ಲಿ ಸ್ಥಳವಿಲ್ಲ, ಅದನ್ನು ಬಿಟ್ಟು ಬಾ ಎಂದನು. ನಂಬಿ ಬಂದುದನ್ನು ಬಿಟ್ಟು ತನಗೊಬ್ಬನಿಗೇ ದೊರೆಯುವ ಸ್ವರ್ಗ ಬೇಡವೆಂದು ಧರ್ಮರಾಯನು ನೆಲದ ಮೇಲೆಯೇ ನಿಂತನು. ಆ ನಾಯಿ ಧರ್ಮದೇವತೆಯೆಂಬುದು ಆಮೇಲೆ ತಿಳಿದ ಮಾತು. ರಥವನ್ನು ಏರಲಾರೆನೆಂದು ಹೇಳಿದಾಗ ಅವನ ಕಣ್ಣಿಗೆ ಕಾಣುತ್ತಿದ್ದುದು ಬರಿಯ ಒಂದು ನಾಯಿ. ಬಹುದೂರ ನಡೆದು ದಣಿದ ಒಂದು ನಾಯಿ.